ಮುಂಬೈ 4 ದಿನ, 6 ಮಂದಿ, 25 ಸಾವಿರದಾಗ ಆಗ್ತದೇನ್ರಿ? ಪ್ಯಾಕೇಜ್ ತಗೊಳ್ಳೋದೋ, ನಾವಾ ಹೋಗೋದೋ?

ಧಾರವಾಡ_ಪೇಢಾ:
ನಮಸ್ಕಾರ್ರಿ ಎಲ್ಲಾರಿಗೂ. ಅವ್ವ-ಅಪ್ಪಗ ಒಮ್ಮೆ ಮುಂಬೈ ತೋರಸ್ತೀನಂತ ಮೂರು ವರ್ಷದಿಂದ ಹೇಳಕೋತ ಬಂದೀನಿ, ಈ ಸಲ ಸಂಕ್ರಾಂತಿ ಮುಗದಮ್ಯಾಲೆ ಹೋಗೇಬಿಡೂಣು ಅಂತ ಠರಾವು ಆಗೇತಿ. ನಾನು, ನಮ್ಮ ಮನಿಯಾಕಿ, ಅವ್ವ (64, ಮೊಣಕಾಲು ನೋವು), ಅಪ್ಪ (70, ನನಗಿಂತ ಜೋರು ನಡೀತಾನ), ಮಗಳು 9, ಮಗ 4. ಇಲ್ಲೆ ಒಬ್ಬ ಏಜೆಂಟ್ ಹತ್ರ ಕೇಳಿದ್ರ 3 ರಾತ್ರಿ 4 ದಿನಕ್ಕ 42,000 ಅಂದ, ಅದೂ ಟ್ರೇನ್ ಬಿಟ್ಟು. "ಡೀಲಕ್ಸ್ ಹೋಟೆಲ್, ಮುಂಬೈ ದರ್ಶನ, ನಾಷ್ಟಾ ಫ್ರೀ, ಇವತ್ತ ಅಡ್ವಾನ್ಸ್ ಕೊಟ್ರ 10 ಪರ್ಸೆಂಟ್ ಬಿಡತೇನಿ" ಅಂತಾನ. ನನ್ನ ಬಜೆಟ್ ಟ್ರೇನ್ ಸೇರಿ 25. ಆಗೋ ಮಾತೇನು? ಯಾವ ಜಾಗಾ ನೋಡಬೇಕು, ಯಾವುದು ಬಿಡಬೇಕು, ಅದನ್ನೂ ಹೇಳ್ರಿ. ಅವ್ವಗ ಸಮುದ್ರ ಮತ್ತ ಸಿದ್ಧಿವಿನಾಯಕ, ಅಪ್ಪಗ ಎಲಿಫೆಂಟಾ, ಹುಡುಗರಿಗೆ ಪೆಂಗ್ವಿನ್. ನನಗ ಏನೂ ಬ್ಯಾಡ, ಜಗಳ ಆಗ್ಲಾರದಂಗ ಮನಿಗೆ ಬಂದ್ರ ಸಾಕು.

ಮಂಡ್ಯ_ಹೈದ:
ಕೊನೇ ಐಟಂ ಯಾವ ಪ್ಯಾಕೇಜಲ್ಲೂ ಸಿಗಲ್ಲ ಗುರು

ಶಾಂತಕ್ಕ_ಹುಬ್ಳಿ:
ಇವತ್ತ ಅಡ್ವಾನ್ಸ್ ಕೊಡು ಅಂದಾನಂದ್ರ ಅಲ್ಲೇ ಎದ್ದು ಬಾರಪಾ. ನಾವು ಹೋದ ವರ್ಷ ಹಿಂಗ ಒಂದು ಪ್ಯಾಕೇಜಿಗೆ ಬಿದ್ದಿದ್ವಿ, ಹೆಸರು ಹೇಳಂಗಿಲ್ಲ, ಹೇಳಿ ಏನಾಗೋದೈತಿ. ಚೀಟ್ಯಾಗ "ಮುಂಬೈ ಹೋಟೆಲ್" ಅಂತ ಬರದಿದ್ರು, ಹೋಗಿ ನೋಡಿದ್ರ ಪನವೇಲ್ ದಾಟಿ ಹೈವೇ ಬಾಜೂಕ. ಅಲ್ಲಿಂದ ಊರೊಳಗ ಬರಾಕ ದಿನಾ ಎರಡು ತಾಸು, ಹೋಗಾಕ ಎರಡು ತಾಸು. ದರ್ಶನ ಅಂದ್ರ ಏನು ಗೊತ್ತೇನು? ಬಸ್ ನಿಲ್ಲಿಸಂಗಿಲ್ಲ, ಆ ಗೈಡ್ ಹುಡುಗ ಮೈಕ್ ಹಿಡಕೊಂಡು "ಲೆಫ್ಟ್ ಸೈಡ್ ನೋಡ್ರಿ ಹೀರೋ ಬಂಗ್ಲೆ" ಅಂತಾನ, ನಾವು ಲೆಫ್ಟ್ ಹೊಳ್ಳೋದ್ರಾಗ ಒಂದು ಗೇಟು, ಒಬ್ಬ ವಾಚ್‌ಮನ್, ಎರಡು ಕ್ರೋಟನ್ ಗಿಡ, ಮುಗೀತು. ಗೇಟ್‌ವೇದಾಗ 20 ನಿಮಿಷ ಕೊಟ್ರು, ಆಮ್ಯಾಲೆ ಒಂದು ಸೀರಿ ಅಂಗಡ್ಯಾಗ ಒಂದೂವರಿ ತಾಸು. ನಾಷ್ಟಾ ಫ್ರೀ ಇತ್ತು ಖರೆ, ಬ್ರೆಡ್ ಬೆಣ್ಣಿ.

ಇನ್ನೊಂದು, ಹೆಣ್ಮಕ್ಕಳಿಗೆ ಶಕ್ತಿ ಐತೆಲ್ಲಾ, ನಮ್ಮ ರಾಜ್ಯದ ಬಸ್ಸಿನ್ಯಾಗ ನಿಪ್ಪಾಣಿ ಮಟಾ ಪುಕ್ಕಟ ಹೋಗಿ, ಅಲ್ಲಿಂದ ಕೊಲ್ಹಾಪುರ, ಕೊಲ್ಹಾಪುರದಿಂದ ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡದ್ರ ಮುಂಜಾನೆ ಸಿಎಸ್‌ಎಂಟಿ (ಮೊದಲಿನ ವಿ.ಟಿ. ಸ್ಟೇಶನ್). ನಮ್ಮ ಮಹಿಳಾ ಮಂಡಳದವ್ರು ಹಂಗ ಹೋಗಿ ಬಂದಾರ.

ಧಾರವಾಡ_ಪೇಢಾ:
ಅಕ್ಕಾ ಐಡಿಯಾ ಭಾರಿ ಐತಿ ಆದ್ರ ಅವ್ವನ ಮೊಣಕಾಲು, 4 ವರ್ಷದ ಕೂಸು, 5 ಬ್ಯಾಗು, ಮೂರು ಕಡೆ ಇಳಿದು ಹತ್ತೋದು... ಉಳಿಯೋದು 500 ರೂಪಾಯಿ, ಖರ್ಚಾಗೋದು ನನ್ನ ಸಂಸಾರ.

ಆಫರ್_ಬೇಟೆಗಾರ:
ಫ್ಲೈಟ್ ಯಾಕೆ ಯಾರೂ ಹೇಳ್ತಿಲ್ಲ? ಹುಬ್ಬಳ್ಳಿಯಿಂದಾನೂ ಇದೆ, ಬೆಳಗಾವಿಯಿಂದಾನೂ ಇದೆ. ಅಲರ್ಟ್ ಹಾಕಿಟ್ಟು ವಾರದ ಮಧ್ಯ ನೋಡಿ. ಆದ್ರೆ ಒಂದು ವಿಷ್ಯ, ಆಪ್‌ನಲ್ಲಿ ಮೊದಲ ಸ್ಕ್ರೀನಲ್ಲಿ ಕಾಣೋ ರೇಟ್ ನಂಬಬೇಡಿ, ದುಡ್ಡು ಕಟ್ಟೋ ಕೊನೇ ಪೇಜಿಗೆ ಹೋಗಿ ಅಲ್ಲಿರೋ ನಂಬರ್ ಬರ್ಕೊಳ್ಳಿ. ಕನ್ವೀನಿಯನ್ಸ್ ಫೀ, ಸೀಟ್ ಚಾರ್ಜು, ನೀವು ಟಿಕ್ ಮಾಡದೇನೇ ಟಿಕ್ ಆಗಿರೋ ಇನ್ಶೂರೆನ್ಸು, ಆರು ಜನಕ್ಕೆ ಲೆಕ್ಕ ಹಾಕಿದ್ರೆ ಅಲ್ಲೇ ಒಂದೆರಡು ಸಾವಿರ ಹೋಗುತ್ತೆ. ಸೀಟ್ ಸುಮ್ನೆ ಬಿಟ್ಟು ವೆಬ್ ಚೆಕ್-ಇನ್ ಮಾಡಿ, ಯಾವುದೋ ಒಂದು ಫ್ರೀ ಸೀಟ್ ಕೊಡ್ತಾರೆ. ಮಂಗಳವಾರ ಮಧ್ಯರಾತ್ರಿ ಬುಕ್ ಮಾಡಿದ್ರೆ ಅಗ್ಗ, ಬ್ರೌಸರ್ ಹಿಸ್ಟರಿ ಅಳಿಸಿದ್ರೆ ಅಗ್ಗ ಅಂತೆಲ್ಲಾ ವಾಟ್ಸಾಪ್‌ನಲ್ಲಿ ಬರುತ್ತಲ್ಲ ಅದನ್ನ ತಲೆಗೆ ಹಾಕ್ಕೋಬೇಡಿ, ನಾನು ಆ ಹುಚ್ಚಲ್ಲಿ ಅಲಾರಂ ಇಟ್ಟು ಎದ್ದು ನೋಡಿದೀನಿ, ನಿದ್ದೆ ಕೆಟ್ಟಿದ್ದು ಬಿಟ್ರೆ ಏನೂ ಆಗ್ಲಿಲ್ಲ.

ಇನ್ನೊಂದು ಮುಖ್ಯವಾದ್ದು, ಈಗ ನವಿ ಮುಂಬೈ ಏರ್‌ಪೋರ್ಟೂ ಶುರುವಾಗಿದೆ, 2025 ಡಿಸೆಂಬರ್ 25ರಿಂದ. ಸರ್ಚಲ್ಲಿ "ಮುಂಬೈ" ಅಂತ ಹೊಡೆದ್ರೆ ಎರಡೂ ಬರುತ್ತೆ, ಅಗ್ಗ ಅಂತ ಕಣ್ಣು ಮುಚ್ಚಿ ಒತ್ತಿದ್ರೆ ನೀವು ಇಳಿಯೋದು ಪನವೇಲ್ ಕಡೆ. ಅಲ್ಲಿಂದ ದಾದರ್‌ಗೆ ಕ್ಯಾಬ್ ಮಾಡಿದ್ರೆ ಉಳಿಸಿದ್ದೆಲ್ಲಾ ಅವನಿಗೇ.

ಡೊಂಬಿವಲಿ_ಕಾಕಾ:
ನಾನು ಮೂಲ ವಿಜಾಪುರದವ, ಇಲ್ಲಿಗೆ ಬಂದು 22 ವರ್ಷ ಆತು. ತಮ್ಮಾ, ಆರು ಮಂದಿಗೆ 25 ಸಾವಿರ ಅಂದಮ್ಯಾಲೆ ಫ್ಲೈಟಿನ ಮಾತು ಬಿಡು, ಹುಬ್ಬಳ್ಳಿ-ದಾದರ್ ಎಕ್ಸ್‌ಪ್ರೆಸ್ ಹಿಡಿ, ಮಧ್ಯಾಹ್ನ ಹತ್ತಿದ್ರ ಮರುದಿನ ನಸುಕಿನ್ಯಾಗ ದಾದರ್. ಈಗ 60 ದಿನ ಮೊದಲ ರಿಸರ್ವೇಶನ್ ತೆರೀತೈತಿ, ಮೊದಲಿನ ಹಂಗ 120 ಇಲ್ಲ, 2024 ನವೆಂಬರ್‌ದಿಂದ ಬದಲಾಗೇತಿ. ನೀ ಧಾರವಾಡದವ ಆದ್ರೂ ಟಿಕೆಟ್ ಮಾತ್ರ ಹುಬ್ಬಳ್ಳಿಯಿಂದ ತಗಿ, ಬೋರ್ಡಿಂಗ್ ಪಾಯಿಂಟ್ ಧಾರವಾಡ ಹಾಕು. ಗಾಡಿ ಹೊರಡೋ ಸ್ಟೇಶನ್ನಿನ ಜನರಲ್ ಕೋಟಾದ ವೇಟಿಂಗ್ ಲಿಸ್ಟ್ ಲಗೂ ಕ್ಲಿಯರ್ ಆಗ್ತೈತಿ, ನಡುವಿನ ಸ್ಟೇಶನ್ನಿನ ಕೋಟಾ ಒದ್ದಾಡಸ್ತೈತಿ. ಸೀನಿಯರ್ ಸಿಟಿಜನ್ ರಿಯಾಯಿತಿ ಸಿಗ್ತೈತೇನು ಅಂತ ಅಪ್ಪ ಕೇಳೇ ಕೇಳ್ತಾರ, ಇಲ್ಲ, 2020 ಮಾರ್ಚ್‌ದಾಗ ತಗದದ್ದು ಹೊಳ್ಳಿ ಕೊಟ್ಟಿಲ್ಲ. ಆದ್ರ ಲೋವರ್ ಬರ್ತ್ ಕೋಟಾ ಐತಿ, ಗಂಡಸರಿಗೆ 60, ಹೆಣ್ಮಕ್ಕಳಿಗೆ 45 ದಾಟಿದ್ರ. ಅವರಿಬ್ಬರದು ಒಂದು ಟಿಕೆಟ್, ನಿಮ್ಮದು ಬ್ಯಾರೆ ಟಿಕೆಟ್ ಮಾಡು, ಎಲ್ಲಾರನ್ನೂ ಒಂದ್ರಾಗ ತುರುಕಿದ್ರ ಆ ಕೋಟಾ ಸಿಗಂಗಿಲ್ಲ. ಮಗನಿಗೆ 5 ತುಂಬಿಲ್ಲ, ಟಿಕೆಟ್ ಬ್ಯಾಡ. ಮಗಳಿಗೆ ಬರ್ತ್ ಬೇಕಂದ್ರ ಪೂರಾ ಚಾರ್ಜ್.

ಈಗ ಖರೆ ಮಾತಿಗೆ ಬರ್ತೀನಿ. ಮುಂಬೈದಾಗ ರೊಕ್ಕ ಉಳಿಸೋದು ಹೋಟೆಲಿನ ರೇಟಿನ್ಯಾಗ ಅಲ್ಲ, ಹೋಟೆಲ್ ಎಲ್ಲೈತಿ ಅನ್ನೋದ್ರಾಗ. ಮಂದಿ ವಾಶಿ, ಮೀರಾ ರೋಡ್ ಅಂತ 400 ಕಡಿಮಿ ನೋಡಿ ರೂಮ್ ಹಿಡೀತಾರ, ಆಮ್ಯಾಲೆ ದಿನಾ ನಾಲ್ಕು ತಾಸು ಗಾಡ್ಯಾಗ. ಹುಡುಗರು ಮಲಗಿಬಿಡ್ತಾವ, ಮುದುಕರು ಸುಸ್ತು, ಲೋಕಲ್ ಬ್ಯಾಡ ಟ್ಯಾಕ್ಸಿ ಮಾಡು ಅಂತಾರ, ಒಂದು ಟ್ಯಾಕ್ಸಿಗೇ ಆ 400 ಹೋತು. ದಾದರ್ ಈಸ್ಟ್, ಮಾಟುಂಗಾ, ಸಾಯನ್, ಈ ಮೂರರಾಗ ಸಣ್ಣ ಲಾಡ್ಜ್ ನೋಡು. ದಾದರ್‌ನಾಗ ಸೆಂಟ್ರಲ್ ಲೈನೂ ಐತಿ ವೆಸ್ಟರ್ನ್ ಲೈನೂ ಐತಿ. ದಾದರ್‌ದಿಂದ ಸಿಎಸ್‌ಎಂಟಿಗೆ ಸೆಕೆಂಡ್ ಕ್ಲಾಸ್ ಎಷ್ಟು ಗೊತ್ತೇನು? 5 ರೂಪಾಯಿ. ಇಷ್ಟು ದೊಡ್ಡ ಊರಾಗ ಇದಕ್ಕಿಂತ ದೊಡ್ಡ ಆಫರ್ ಯಾವನೂ ಕೊಡಂಗಿಲ್ಲ.

ಆಫರ್_ಬೇಟೆಗಾರ:
ಕಾಕಾ ಅದಕ್ಕೆ ಟೂರಿಸ್ಟ್ ಪಾಸ್ ಇದ್ಯಲ್ಲ, ಲೋಕಲ್ ಟ್ರೇನಿಂದು, 1 ದಿನ 3 ದಿನ 5 ದಿನದ್ದು. 3 ದಿನಕ್ಕೆ ಸೆಕೆಂಡ್ ಕ್ಲಾಸ್ 115 ಅಂತ ನಾನು ಹೋದಾಗ ಇತ್ತು, ಮೂರೂ ಲೈನಲ್ಲಿ ಎಷ್ಟು ಬೇಕಾದ್ರೂ ಓಡಾಡಬಹುದು. ಸೂಪರ್ ಡೀಲ್.

ಡೊಂಬಿವಲಿ_ಕಾಕಾ:
ದಾದರ್‌ನಾಗ ಉಳಿದು ದಿನಾ 10 ರೂಪಾಯದಾಗ ಹೋಗಿ ಬರಾವ 115 ಕೊಟ್ಟು ಪಾಸ್ ಯಾಕ ತಗೋಬೇಕಪಾ? ನೀ ವಾಶ್ಯಾಗ ಉಳಿದಿದ್ದಿ ಅನಸ್ತೈತಿ.

ಆಫರ್_ಬೇಟೆಗಾರ:
... ಹೌದು 😅 ಆದ್ರೆ ಕ್ಯೂ ನಿಲ್ಲೋದು ತಪ್ಪುತ್ತಲ್ಲ!

ಡೊಂಬಿವಲಿ_ಕಾಕಾ:
ಅದು ಖರೆ. ಕ್ಯೂ ತಪ್ಪಸಾಕ ರೈಲ್ವೆದ ಹೊಸಾ ಆಪ್ ರೈಲ್‌ಒನ್ ಹಾಕ್ಕೋ. ಸ್ಟೇಶನ್ ಒಳಗ ಹೋಗಿ ನಿಂತು ಟಿಕೆಟ್ ತಗಿಯಾಕ ಹೋಗಬ್ಯಾಡ, ಆಗಂಗಿಲ್ಲ, ಹೊರಗಿದ್ದಾಗ ತಗಿ. ಮುಂಜಾನೆ 8ರಿಂದ 11 ಸಿಎಸ್‌ಎಂಟಿ ಕಡೆ ಹೋಗೋ ಗಾಡಿ, ಸಂಜಿ 5ರಿಂದ 9 ಅಲ್ಲಿಂದ ಬರೋ ಗಾಡಿ, ಇವೆರಡರಾಗ ಅವ್ವನ್ನ ಹತ್ತಿಸಬ್ಯಾಡ. ಅಷ್ಟ ನೆನಪಿಟ್ಟರ ಲೋಕಲ್ ಏನೂ ಹುಲಿ ಅಲ್ಲ.

ಕುಂದಾಪ್ರದ_ಮಾಣಿ:
ಹ್ವಾಯ್, ಎಲ್ಲರೂ ರೈಲಿನ ಬಗ್ಗೆಯೇ ಹೇಳ್ತಾ ಇದ್ದೀರಿ, ಹೊಟ್ಟೆಯ ಬಗ್ಗೆ ಯಾರೂ ಹೇಳುದಿಲ್ಲ ಮಾರಾಯ್ರೆ. ಮಾಟುಂಗಾ ಸೆಂಟ್ರಲ್ ಸ್ಟೇಶನ್ ಹತ್ರ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಉಂಟು, 1942ರದ್ದು, ಬಾಳೆಎಲೆ ಊಟ. ಒಳಗೆ ಹೋಗಿ ಕೂತ್ರೆ ಮುಂಬೈಯಲ್ಲಿ ಇದ್ದೇವೆ ಅಂತ ಮರ್ತೇ ಹೋಗ್ತದೆ. ಕೆಫೆ ಮದ್ರಾಸು, ಕೆಫೆ ಮೈಸೂರು ಎಲ್ಲ ಅಲ್ಲೇ ಸುತ್ತಮುತ್ತ. ನನ್ನ ದೊಡ್ಡಪ್ಪ ಅಲ್ಲಿಯ ಒಂದು ಹೋಟ್ಲಲ್ಲಿ ಹಗಲು ಗ್ಲಾಸ್ ತೊಳ್ದು, ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗಿ ಎಸ್ಸೆಸ್ಸೆಲ್ಸಿ ಮಾಡಿದವ್ರು. ಆ ಕಾಲದಲ್ಲಿ ನಮ್ಮೂರ ಅರ್ಧ ಜನ ಹಾಗೇ. ಹಿರಿಯರನ್ನು ಕರ್ಕೊಂಡು ಹೋಗುದಾದ್ರೆ ಅಲ್ಲಿಗೆ ಒಂದು ಸಲ ಹೋಗಿ, ಸಪ್ಲೈ ಮಾಡುವವರ ಹತ್ರ ಕನ್ನಡದಲ್ಲಿ ಮಾತಾಡಿ ನೋಡಿ.

ಎಲಿಫೆಂಟಾ ಸೋಮವಾರ ಬಂದ್, ಇದನ್ನು ಮಾತ್ರ ಮರಿಬೇಡಿ. ಗೇಟ್‌ವೇಯಿಂದ ದೋಣಿ 9 ಗಂಟೆಗೆ ಶುರು, ಒಂದು ಗಂಟೆ ಪ್ರಯಾಣ, ಹೋಗಿ ಬರ್ಲಿಕ್ಕೆ ಒಬ್ರಿಗೆ 260ರ ಆಚೆ ಈಚೆ. ಲೈಫ್ ಜಾಕೆಟ್ ಕೇಳಿ ಹಾಕ್ಕೊಳ್ಳಿ, ಸೆಕೆ ಆಗ್ತದೆ ಅಂತ ತೆಗಿಬೇಡಿ, 2024 ಡಿಸೆಂಬರ್‌ನಲ್ಲಿ ಆ ದಾರಿಯಲ್ಲೇ ದೋಣಿ ಮುಳುಗಿ ಜನ ಸತ್ತದ್ದು ನೆನಪುಂಟಲ್ಲ. ಇಳಿದ ಮೇಲೆ ಪುಟಾಣಿ ರೈಲುಂಟು, ಆಮೇಲೆ 120 ಮೆಟ್ಲು. ಅಮ್ಮನಿಗೆ ಕಷ್ಟ ಆದ್ರೆ ಕುರ್ಚಿಯಲ್ಲಿ ಕೂರಿಸಿ ಹೊತ್ಕೊಂಡು ಹೋಗುವವ್ರು ಇದ್ದಾರೆ, ರೇಟು ಮೊದಲೇ ಮಾತಾಡಿ. ಮಂಗಗಳು ಕೈಯಲ್ಲಿದ್ದ ಜ್ಯೂಸು ಬಾಟ್ಲಿ ಎಳ್ಕೊಂಡು ಹೋಗ್ತವೆ, ಸುಳ್ಳಲ್ಲ.

ಧಾರವಾಡ_ಪೇಢಾ:
ಅಪ್ಪಗ ತೋರಿಸಿದೆ ಇದನ್ನ. ಅಪ್ಪ ರಿಟೈರ್ಡ್ ಹಿಸ್ಟರಿ ಮಾಸ್ತರ, ಅವರ ಉತ್ತರ ಹಂಗ ಟೈಪ್ ಮಾಡಾಕತ್ತೀನಿ: "ಎಲಿಫೆಂಟಾ ಅಂತ ಹೆಸರಿಟ್ಟಾವ್ರು ಪೋರ್ಚುಗೀಸ್ರು, ಅಲ್ಲೊಂದು ಕಲ್ಲಿನ ಆನಿ ಇತ್ತು ಅಂತ. ಖರೆ ಹೆಸರು ಘಾರಾಪುರಿ. ಐಹೊಳಿ ಮೇಗುಟಿ ಗುಡಿ ಶಾಸನದಾಗ, 634ರದ್ದು, ನಮ್ಮ ಇಮ್ಮಡಿ ಪುಲಕೇಶಿ ಪಡುವಣ ಸಮುದ್ರದ ಪುರಿಯನ್ನ ಹಡಗು ಕಟಗೊಂಡು ಹೋಗಿ ಗೆದ್ದ ಅಂತ ರವಿಕೀರ್ತಿ ಬರದಾನ. ಆ ಪುರಿ ಇದ ಅಂತ ಕೆಲವು ಇತಿಹಾಸಕಾರರು ಹೇಳ್ತಾರ. ಅದಕ್ಕ ನೋಡಬೇಕಂತೀನಿ, ಮಂಗ್ಯಾ ನೋಡಾಕ ಅಲ್ಲ."

ಮಂಡ್ಯ_ಹೈದ:
ಮೇಷ್ಟ್ರಿಗೆ ನಮಸ್ಕಾರ 🙏 ಪುಲಕೇಶಿ ಯಾವ ಪ್ಯಾಕೇಜಲ್ಲಿ ಹೋಗಿದ್ನಂತೆ ಕೇಳಿ

ಶಾಂತಕ್ಕ_ಹುಬ್ಳಿ:
ಆ ಕಲ್ಲಿನ ಆನಿ ಈಗ ರಾಣಿ ಬಾಗ್ ಅನ್ನೋ ಝೂದಾಗ ಐತಿ ನೋಡ್ರಿ, ಬೈಖಳಾ ಮ್ಯೂಸಿಯಂ ಬಾಜೂಕ. ಪೆಂಗ್ವಿನ್ನೂ ಅಲ್ಲೇ. ಅಪ್ಪ-ಅವ್ವ ಇಬ್ಬರು ಮಕ್ಕಳು ಸೇರಿ ಒಂದು ಫ್ಯಾಮಿಲಿಗೆ 100 ರೂಪಾಯಿ ಟಿಕೆಟ್ ಇತ್ತು, ಉಳಿದ ದೊಡ್ಡವರಿಗೆ 50. ಬುಧವಾರ ಸೂಟಿ.

ಡೊಂಬಿವಲಿ_ಕಾಕಾ:
ಸಿದ್ಧಿವಿನಾಯಕಕ್ಕ ಮಂಗಳವಾರ ಹೋಗಬ್ಯಾಡ, ಗದ್ದಲದಾಗ ಸಾಯ್ತಿ. ಈಗ ಮೆಟ್ರೋ 3 ಐತಿ, ನೆಲದ ಒಳಗಿಂದು, ಆರೆಯಿಂದ ಕಫ್ ಪರೇಡ್ ಮಟಾ 33.5 ಕಿಲೋಮೀಟರ್, 27 ಸ್ಟೇಶನ್, 2025 ಅಕ್ಟೋಬರ್‌ದಾಗ ಪೂರಾ ತೆರದ್ರು. ಸಿದ್ಧಿವಿನಾಯಕಕ್ಕ ಅದರ ಹೆಸರಿಂದ ಒಂದು ಸ್ಟೇಶನ್, ದಾದರ್‌ಕ್ಕ ಒಂದು, ಸಿಎಸ್‌ಎಂಟಿಗೆ ಒಂದು. ಲಿಫ್ಟು, ಎಸ್ಕಲೇಟರ್ ಎಲ್ಲಾ ಅದಾವ, ಅವ್ವಗ ಅದ ಬೇಸ್. ಲೋಕಲ್‌ಗಿಂತ ತುಟ್ಟಿ ಖರೆ, ಟ್ಯಾಕ್ಸಿಗಿಂತ ಎಷ್ಟೋ ಅಗ್ಗ. ಟ್ಯಾಕ್ಸಿ ಬೇಕಾದ್ರ ಕಾಳಿ-ಪೀಳಿ (ಕಪ್ಪು-ಹಳದಿ ಬಣ್ಣದ್ದು) ಹಿಡಿ, ಮಿನಿಮಮ್ 31 ರೂಪಾಯಿ, ಮೀಟರ್ ಹಾಕಸು. ದಾದರ್ ಕಡೆ ಆಟೋ ಹುಡುಕಬ್ಯಾಡ, ಸಾಯನ್-ಬಾಂದ್ರಾ ದಾಟಿ ಆಟೋ ಒಳಗ ಬರಂಗಿಲ್ಲ.

ಪುಕ್ಕಟ ನೋಡೋದು ಬೇಕಾದಷ್ಟೈತಿ. ಮಣಿ ಭವನ, ಗಾಂಧೀಜಿ 1917ರಿಂದ 1934ರ ಮಟಾ ಮುಂಬೈಗೆ ಬಂದಾಗ ಉಳೀತಿದ್ದ ಮನಿ. ಜಹಾಂಗೀರ್ ಆರ್ಟ್ ಗ್ಯಾಲರಿ. ಬಾಣಗಂಗಾ. ಸಿಎಸ್‌ಎಂಟಿ ಕಟ್ಟಡ ರಾತ್ರಿ ಲೈಟ್ ಹಾಕಿದಮ್ಯಾಲೆ ಎದುರಿನ ಫುಟ್‌ಪಾತ್ ಮ್ಯಾಲೆ ನಿಂತು ನೋಡು, ಗೇಟಿನ ಒಂದು ಕಂಬದ ಮ್ಯಾಲೆ ಸಿಂಹ, ಇನ್ನೊಂದರ ಮ್ಯಾಲೆ ಹುಲಿ. ಸಿಂಹ ಅಂದ್ರ ಬ್ರಿಟನ್, ಹುಲಿ ಅಂದ್ರ ನಾವು. ಕಟ್ಟಾಕ 10 ವರ್ಷ ತಗೊಂಡಾರ, 1888ಕ್ಕ ಮುಗದೈತಿ. ದಿನಾ ಲಕ್ಷಗಟ್ಟಲೆ ಮಂದಿ ಅದರ ಕೆಳಗ ಓಡ್ತಾರ, ಒಬ್ಬಾಂವನೂ ಕತ್ತೆತ್ತಂಗಿಲ್ಲ, ನಾನೂ 22 ವರ್ಷದಾಗ ಎರಡು ಸಲ ನೋಡೀನಿ, ಎರಡೂ ಸಲ ಊರಿಂದ ಬೀಗರು ಬಂದಾಗ.

ಧಾರವಾಡ_ಪೇಢಾ:
ಎಲ್ಲಾರಿಗೂ ಭಾಳ ಥ್ಯಾಂಕ್ಸ್ರಿ. ಟಿಕೆಟ್ ಮಾಡಿದೆ, ಹೋಗಾಕ ಸ್ಲೀಪರ್, ಬರಾಕ ಥರ್ಡ್ ಎಸಿ (ಸುಸ್ತಾಗಿರ್ತಾರಂತ). ಶನಿವಾರ ಹೊಂಟು ರವಿವಾರ ನಸುಕಿನ್ಯಾಗ ಮುಟ್ಟತೇವಿ, ಬುಧವಾರ ರಾತ್ರಿ ವಾಪಸ್. ಬಂದು ಲೆಕ್ಕಾ ಹಾಕತೀನಿ.

ಧಾರವಾಡ_ಪೇಢಾ:
ಬಂದೇವ್ರಿ. ಎರಡು ದಿನ ಮಲಗಿ ಈಗ ಬರಿಯಾಕ ಕುಂತೀನಿ.

ನಸುಕಿನ್ಯಾಗ ದಾದರ್ ಇಳಿದ್ವಿ, ಲಾಡ್ಜಿನಾವ 9ಕ್ಕ ರೂಮ್ ಅಂದ, ಬ್ಯಾಗ್ ಅಲ್ಲೇ ಇಟ್ಟು ಸೇತುವೆ ದಾಟಿ ವೆಸ್ಟ್ ಕಡೆ ಹೂವಿನ ಮಾರ್ಕೆಟ್‌ಗೆ ಹೋದ್ವಿ. ಯಾರೂ ಹೇಳಿದ್ದಿಲ್ಲ ಇದನ್ನ, ಸುಮ್ಮ ವಾಸನಿ ಹಿಡಕೊಂಡು ಹೋಗಿದ್ದು. ನಮ್ಮ ಸುಭಾಸ ರೋಡಿನ್ಯಾಗ ಮೊಳಕ್ಕ ಚೌಕಾಸಿ ಮಾಡೋ ಅವ್ವ ಅಲ್ಲಿ ಚೀಲಗಟ್ಟಲೆ ಚೆಂಡು ಹೂ, ಸೇವಂತಿ ನೆಲಕ್ಕ ಸುರುವಿದ್ದು ನೋಡಿ ಮಾತ ನಿಂತುಬಿಟ್ತು. ತುಳಿದುಗಿಳಿದೀರಿ ಅಂತ ಹುಡುಗರಿಗೆ ಬೈಕೋತ ತಾನ ಸೀರಿ ನಿರಗಿ ಎತ್ತಿ ಹಿಡಕೊಂಡು ನಡದ್ಲು. ಒಬ್ಬ ಮುದುಕಿ ಮಾರೂ ಹೆಣ್ಮಗಳು, ಮರಾಠಿಯಾಕಿ, ಅವ್ವನ ತಲಿ ನೋಡಿ ಒಂದು ತುಂಡು ಅಬೋಲಿ ದಂಡಿ ಹಂಗ ಕೊಟ್ಲು, ರೊಕ್ಕ ತಗೊಳ್ಳಿಲ್ಲ.

ಎಲಿಫೆಂಟಾ ರವಿವಾರ, ಗದ್ದಲ ಇತ್ತು. ಅವ್ವ ಕುರ್ಚಿ ಒಲ್ಲೆ ಅಂದು 120 ಮೆಟ್ಲ ಕುಂತು ಕುಂತು ಹತ್ತಿದ್ಲು. ಅಪ್ಪ ತ್ರಿಮೂರ್ತಿ ಮುಂದ ಅರ್ಧಾ ತಾಸು, 20 ಫೂಟಿನ ಮುಖ, ಕತ್ತಲಾಗ ಮೊದಲ ಏನೂ ಕಾಣಂಗಿಲ್ಲ, ಕಣ್ಣು ಹೊಂದಕೋತ ಹೊಂದಕೋತ ಒಂದೊಂದು ಮುಖ ಹೊರಗ ಬರ್ತೈತಿ. ಪುಲಕೇಶಿ ಪಾಠ ಶುರು ಮಾಡಿದ್ರು, ಬಾಜೂಕಿನ ನಾಲ್ಕು ಮಂದಿ ಬೆಂಗಳೂರಿನವರು ಬಂದು ನಿಂತು ಕೇಳಿದ್ರು, ಒಬ್ಬ ಗೈಡ್ ಅಂತ ತಿಳಕೊಂಡು ಎಷ್ಟು ಕೊಡಬೇಕ್ರಿ ಅಂದ!

ಸೋಮವಾರ ಫೋರ್ಟ್, ಮಣಿ ಭವನ, ಮರೀನ್ ಡ್ರೈವ್. ಮರಳಿ ಬರೋವಾಗ ಸಿಎಸ್‌ಎಂಟಿಯಾಗ ಅಪ್ಪ "ಇಲ್ಲಿ ಖಾಲಿ ಐತಿ ನೋಡೋ" ಅಂತ ಒಂದು ಡಬ್ಬಿ ಹತ್ತಿಬಿಟ್ರು. ಖಾಲಿ ಇದ್ದದ್ದು ಯಾಕಂದ್ರ ಅದು ಫಸ್ಟ್ ಕ್ಲಾಸ್. ಡಬ್ಬಿ ಮ್ಯಾಲೆ ಪಟ್ಟಿ ಪಟ್ಟಿ ಬಣ್ಣ ಇರ್ತೈತಿ, ಬರದೂ ಇರ್ತೈತಿ, ಆತುರದಾಗ ಕಾಣಲಿಲ್ಲ. ಟಿಸಿ ಬಂದ, ಮರ್ಯಾದಿಯಿಂದನ ಮಾತಾಡಿದ, ದಂಡ ಮಾತ್ರ ಬಿಡಲಿಲ್ಲ. 5 ರೂಪಾಯಿ ಟಿಕೆಟ್ 300 ಬಿತ್ತು.

ಬುಧವಾರ ಪೆಂಗ್ವಿನ್‌ಗೆ ಅಂತ ಇಟ್ಟಿದ್ವಿ.

ಮಂಡ್ಯ_ಹೈದ:
ಬುಧವಾರ???

ಧಾರವಾಡ_ಪೇಢಾ:
ಹೌದ್ರಿ ಹೌದು. ಶಾಂತಕ್ಕ ಬರದಿದ್ರು, ನಾ ಓದೀನಿ, ಸೋಮವಾರದ್ದ ತಲ್ಯಾಗಿಟ್ಟು ಬುಧವಾರದ್ದು ಮರತೆ. ಗೇಟಿಗೆ ಹೋಗಿ ಕೀಲಿ ನೋಡಿದ್ವಿ. ಮಗ ರಸ್ತಾದ ಮ್ಯಾಲ ಕುಂತು ಅತ್ತ ಅಂದ್ರ ಏನ್ರಿ, ಪೆಂಗ್ವಿನ್‌ಗೂ ಕೇಳಿರಬೇಕು. ಕಡೀಕ ವರಳಿ ನೆಹರೂ ಸೈನ್ಸ್ ಸೆಂಟರ್‌ಗೆ ಕರಕೊಂಡು ಹೋದೆ, ಮಗಳು ಅಲ್ಲಿಂದ ಹೊರಗ ಬರಾಕ ಒಲ್ಲೆ ಅಂದ್ಲು, ಮಗ ಮಾತ್ರ ಇವತ್ತಿಗೂ ಮಾತು ಬಿಟ್ಟಾನ.

ಲೆಕ್ಕಾ: ಟ್ರೇನ್ 7,750. ದಾದರ್ ಈಸ್ಟ್ ನಾನ್-ಎಸಿ ಎರಡು ರೂಮ್ ಮೂರು ರಾತ್ರಿ 10,200, ರೂಮ್ ಅಂದ್ರ ಮಂಚ ಬಿಟ್ರ ಗ್ವಾಡಿ, ಆದ್ರ ಸ್ವಚ್ಛ ಇತ್ತು. ಲೋಕಲ್ ಟ್ರೇನ್ ಎಲ್ಲಾರದೂ ಎಲ್ಲಾ ದಿನದ್ದೂ ಸೇರಿ 200, ಇದನ್ನ ಮೂರು ಸಲ ಕೂಡಿಸಿ ನೋಡಿದೆ. ದೋಣಿ, ಪುಟಾಣಿ ರೈಲು 1,250, ಗುಹೆ ಟಿಕೆಟ್ 160. ಸೈನ್ಸ್ ಸೆಂಟರ್ 350. ಟ್ಯಾಕ್ಸಿ-ಮೆಟ್ರೋ 1,700. ಊಟ-ನಾಷ್ಟಾ-ವಡಾಪಾವ್-ಐಸ್‌ಕ್ರೀಮ್ 5,500. ಅಪ್ಪನ ಫಸ್ಟ್ ಕ್ಲಾಸ್ 300. ಒಟ್ಟು 27,410. 25 ದಾಟಿತು, ಆದ್ರ ಆ ಏಜೆಂಟನ 42ರ ಮುಂದ ಏನೂ ಅಲ್ಲ.

ಆಫರ್_ಬೇಟೆಗಾರ:
ಕಾಕಾ ಹೇಳಿದ್ದೇ ಸರಿ, ಒಪ್ಕೊಂಡೆ. ಮುಂದಿನ ಸಲ ದಾದರ್.

ಕುಂದಾಪ್ರದ_ಮಾಣಿ:
ಎಲ್ಲ ಬರ್ದಿರಿ, ಮಾಟುಂಗಾ ಊಟ ಎಂತ ಆಯ್ತು?

ಧಾರವಾಡ_ಪೇಢಾ:
ಆತ್ರಿ, ಮಂಗಳವಾರ. ಅವ್ವ ಎಲಿ ಮುಂದ ಕುಂತಾಕಿ ಸುತ್ತಲೂ ನೋಡಿ ಸಪ್ಲೈ ಮಾಡೋರಿಗೆ ಕನ್ನಡದಾಗ "ಯಾವೂರಪಾ ನಿಂದು" ಅಂದ್ಲು. ಅಂವ "ಕುಂದಾಪ್ರ ಅಮ್ಮ" ಅಂದ. ಅವ್ವ "ಹಂಗಾರ ನಮ್ಮ ಕಡಿಯಾಂವನ" ಅಂದ್ಲು. ಧಾರವಾಡ ಎಲ್ಲಿ ಕುಂದಾಪುರ ಎಲ್ಲಿ ಅಂತ ನಾ ಬಾಯಿ ತಗಿಯೋದ್ರಾಗ ಅಂವ ಇನ್ನೊಂದು ಸೌಟು ಸಾರು ಹಾಕಿ ಮುಂದಿನ ಪಂಕ್ತಿಗೆ ಹೋಗಿದ್ದ.